ಕೊನೇ ಮನೆಯಿಂದ ಲೆಕ್ಕ ಶುರು ಮಾಡಿ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ. 2021ರಲ್ಲಿ ನಮ್ಮೂರಿನವರು ಕೊರೊನಾ ಲಸಿಕೆಗೆ ಅಂತ ಆಸ್ಪತ್ರೆಗೆ ಹೋಗಿ ಎಷ್ಟೋ ಸಲ ಸುಮ್ನೆ ವಾಪಸ್ ಬಂದರು. ನಾಳೆ ಇನ್ನೊಂದು ಮಹಾಮಾರಿ ಬಂದು, ಅದಕ್ಕೊಂದು ಹೊಸ ಲಸಿಕೆಯೂ ಬಂದರೆ, ಇಡೀ ರಾಜ್ಯಕ್ಕೆ ಹಂಚುವ ಯೋಜನೆ ಹೇಗಿರಬೇಕು? ನಮ್ಮಂಥ ಕಾಡೂರುಗಳಿಗೆ ಸರಿಯಾಗಿ ಸಿಗಬೇಕಾದರೆ ಎಂತ ಮಾಡಬೇಕು?

ಉತ್ತರ: ಬೆಂಗಳೂರಿನಿಂದ ಶುರು ಮಾಡಬಾರದು, ನಿಮ್ಮ ಪಂಚಾಯ್ತಿಯ ಕೊನೇ ಮನೆಯಿಂದ ಶುರು ಮಾಡಬೇಕು. ನನ್ನ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿ ಕೈ ತೊಳೆದುಕೊಂಡರೆ ನೀವು ಬೈಯುತ್ತೀರಿ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಲೆನಾಡಿನಲ್ಲಿ ಲಸಿಕೆ ಸಾಗಿಸುವ, ಕಾಪಾಡುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು ನಾನು. ನಾನೇ ಮಾಡಿದ ಒಂದು ತಪ್ಪೂ ಇದರಲ್ಲಿ ಬರುತ್ತದೆ.

ಮೊದಲು ಸುಲಭದ ಭಾಗ ಮುಗಿಸಿಬಿಡೋಣ. 2021ರ ಜನವರಿ 12ರಂದು ಕೋವಿಶೀಲ್ಡ್‌ನ ಮೊದಲ ಪೆಟ್ಟಿಗೆಗಳು ಪುಣೆಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದವು. 6.48 ಲಕ್ಷ ಡೋಸ್. ಜನವರಿ 16ಕ್ಕೆ ದೇಶದ ಎಲ್ಲಾ ಕಡೆ ಚುಚ್ಚುವುದು ಶುರುವಾಯಿತು. ನಡುವೆ ಸಿಕ್ಕಿದ್ದು ನಾಲ್ಕೇ ದಿನ. ಅದು ಸಾಧ್ಯವಾಗಿದ್ದು ದಾರಿ ಮೊದಲೇ ಇದ್ದದ್ದರಿಂದ. ಬೆಂಗಳೂರು, ಬೆಳಗಾವಿಯಲ್ಲಿ ರಾಜ್ಯದ ದಾಸ್ತಾನು. ಅದರ ಕೆಳಗೆ ಚಿತ್ರದುರ್ಗದಂಥ ವಿಭಾಗೀಯ ದಾಸ್ತಾನು. ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ಪಿಎಚ್‌ಸಿಯ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ, ಐಎಲ್‌ಆರ್ ಅನ್ನೋ ಲಸಿಕೆ ಫ್ರಿಜ್. ಪೋಲಿಯೊ, ದಡಾರದ ಲಸಿಕೆಗಳು ದಶಕಗಳಿಂದ ಓಡಾಡಿದ ದಾರಿ ಇದೇ. ಎಲ್ಲಿ ಎಷ್ಟು ಡೋಸ್ ಇದೆ, ಫ್ರಿಜ್ ಎಷ್ಟು ಡಿಗ್ರಿಯಲ್ಲಿದೆ ಅಂತ ನೋಡಲು ಇ-ವಿನ್ ಅನ್ನೋ ವ್ಯವಸ್ಥೆಯೂ ಮೊದಲೇ ಇತ್ತು.

ಒಂದು ಷರತ್ತು ಮಾತ್ರ ಇದೆ. ಹೊಸ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಉಳಿಯುವಂಥದ್ದಾಗಿರಬೇಕು. ಫೈಜರ್ ಕಂಪನಿಯ ಲಸಿಕೆ ಬಂದಾಗ ಅದಕ್ಕೆ ಮೈನಸ್ 70 ಡಿಗ್ರಿ ಬೇಕಿತ್ತು. ಅಂಥದ್ದನ್ನು ಆರಿಸಿಕೊಂಡರೆ ಹೊಸನಗರ ಬಿಡಿ, ಶಿವಮೊಗ್ಗ ಮುಟ್ಟಿಸುವುದೇ ಸಾಹಸ. ಯಾವ ಲಸಿಕೆ ಕೊಳ್ಳುತ್ತೇವೆ ಅನ್ನುವಲ್ಲೇ ಹಳ್ಳಿಯ ಪಾಲು ಅರ್ಧ ತೀರ್ಮಾನ ಆಗಿರುತ್ತದೆ.

ಪಿಎಚ್‌ಸಿ ಬಾಗಿಲವರೆಗೆ ಲಸಿಕೆ ಬರುವುದು ದೊಡ್ಡ ಕಷ್ಟವೇನಲ್ಲ. ತೊಡಕು ಇರುವುದು ಆ ಬಾಗಿಲಿನಿಂದ ತೋಳಿನವರೆಗಿನ ದಾರಿಯಲ್ಲಿ.

ಒಂದು ಲೆಕ್ಕ ಹಾಕೋಣ. ಸರ್ಕಾರದ ನಿಯಮದಂತೆ ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು. ನಿಮ್ಮ ಉಪಕೇಂದ್ರದಲ್ಲಿ 3,000 ಜನ, ಅದರಲ್ಲಿ 2,200 ಮಂದಿ ವಯಸ್ಕರು ಅಂದುಕೊಳ್ಳಿ. ಎರಡು ಡೋಸ್ ಅಂದರೆ 4,400 ಚುಚ್ಚು. ಕೊರೊನಾ ಲಸಿಕೆ ಶುರುವಾದಾಗ ಒಂದು ಕೇಂದ್ರಕ್ಕೆ ದಿನಕ್ಕೆ 100 ಜನ ಅಂತ ಅಂದಾಜು ಮಾಡಿದ್ದರು. ಆ ಪ್ರಕಾರ 44 ದಿನ. ಸಿಸ್ಟರ್‌ಗೆ ಮಕ್ಕಳ ಚುಚ್ಚುಮದ್ದು, ಬಸಿರಿಯರ ತಪಾಸಣೆ ಎಲ್ಲ ಇದ್ದೇ ಇರುತ್ತದೆ, ವಾರಕ್ಕೆ ನಾಲ್ಕು ದಿನ ಸಿಕ್ಕಿದರೆ ಪುಣ್ಯ. ಹನ್ನೊಂದು ವಾರಕ್ಕೆ ಮುಗಿಯಿತು. ಕಾಗದದ ಮೇಲೆ ಚೆಂದ ಇದೆ, ಅಲ್ವಾ?

ಆದರೆ ನಮ್ಮಲ್ಲಿ ಮನೆಗಳು ಒಟ್ಟಿಗೆ ಇಲ್ಲ. ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಹಳ್ಳ ದಾಟಬೇಕು, ಒಂದು ಗುಡ್ಡ ಸುತ್ತಬೇಕು. ಒಂದು ಜಾಗದಲ್ಲಿ ಕೂತರೆ ದಿನಕ್ಕೆ 100 ಜನ ಬರುವುದಿಲ್ಲ. 40 ಬಂದರೆ ಜಾಸ್ತಿ. ಆಗ 44 ದಿನ 110 ದಿನ ಆಗುತ್ತದೆ. ಹನ್ನೊಂದು ವಾರ ಇಪ್ಪತ್ತೆಂಟು ವಾರ ಆಗುತ್ತದೆ. ಅಷ್ಟರಲ್ಲಿ ರೋಗದ ಒಂದು ಅಲೆ ಬಂದು ಹೋಗಿರುತ್ತದೆ. ನಿಮ್ಮ ಕಡೆ ಮೊದಲು ಕೊರತೆ ಆಗಿದ್ದು ಡೋಸ್‌ದು ಅಂತ ನೀವು ಅಂದುಕೊಂಡಿರಬಹುದು. 2021ರ ಮೇ ತಿಂಗಳಲ್ಲಿ ಅದು ನಿಜವೂ ಹೌದು. ಡೋಸ್ ಬಂದ ಮೇಲೂ ಕೊರತೆ ಉಳಿದದ್ದು ಸಿಸ್ಟರ್‌ನ ದಿನಗಳದ್ದು.

ಈಗ ವಯಲ್ ವಿಷಯ. ನನ್ನ ಮಟ್ಟಿಗೆ ಮಲೆನಾಡಿನ ಲಸಿಕೆ ಕಥೆಯೆಲ್ಲ ಈ ಹೆಬ್ಬೆರಳಿನ ಗಾತ್ರದ ಗಾಜಿನ ಸೀಸೆಯಲ್ಲೇ ಇದೆ. ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ 10 ಡೋಸ್. ಕೋವ್ಯಾಕ್ಸಿನ್ ಮೊದಮೊದಲು 20 ಡೋಸ್‌ನ ವಯಲ್‌ನಲ್ಲಿ ಬರುತ್ತಿತ್ತು. ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಎಸೆಯಬೇಕು. ಪೇಟೆಯಲ್ಲಿ ಇದು ಸಮಸ್ಯೆಯೇ ಅಲ್ಲ. ಹತ್ತು ಜನ ಸಾಲಿನಲ್ಲಿ ನಿಂತೇ ಇರುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರು ಬರುತ್ತಾರೆ.

ನಾನು ಹೇಳಿದ ತಪ್ಪು ಇಲ್ಲಿಯದು. ಒಂದು ಕೇಂದ್ರದಲ್ಲಿ ಹಾಗೇ ಆಯಿತು. ಹೆಸರು ಬೇಡ. ವಯಸ್ಸಾದ ಗಂಡ ಹೆಂಡತಿ ಆಟೋ ಮಾಡಿಕೊಂಡು ಬಂದಿದ್ದರು. ಬೆಳಗ್ಗೆ ಒಡೆದ ವಯಲ್ ಮುಗಿದಿತ್ತು. ಹೊಸದು ಫ್ರಿಜ್‌ನಲ್ಲಿ ಇತ್ತು. ಸಿಸ್ಟರ್ ಒಡೆಯಲಿಲ್ಲ. "ಇನ್ನೂ ಎಂಟು ಜನ ಆಗ್ಲಿ ಅಜ್ಜಾ, ಒಂದು ಗಳಿಗೆ ಕೂತ್ಕೊಳಿ" ಅಂದರು. ನಾಲ್ಕೂವರೆವರೆಗೆ ಕೂತರು. ಮತ್ತೆ ಒಬ್ಬರು ಬಂದರು, ಅಷ್ಟೇ. ಕೊನೆಗೆ "ಸೋಮವಾರ ಬನ್ನಿ" ಅಂತ ಕಳಿಸಿದರು. ಸೋಮವಾರ ಅವರು ಬರಲಿಲ್ಲ. ಆಟೋಗೆ ಎರಡು ಸಲ ದುಡ್ಡು ಕೊಡುವವರಾರು? ಸಂಜೆ ಲೆಕ್ಕ ನೋಡುವಾಗ ನಾನು ಸಿಸ್ಟರ್‌ನ ಕೇಳಿದೆ, ಯಾಕಮ್ಮ ಒಡೀಲಿಲ್ಲ ಅಂತ. "ಹೋದ ವಾರ ಮೀಟಿಂಗ್‌ನಲ್ಲಿ ನೀವೇ ಬೈದಿದ್ರಲ್ಲ ಸರ್, ವೇಸ್ಟೇಜ್ ಜಾಸ್ತಿ ಆಯ್ತು ಅಂತ" ಅಂದರು. ಹೌದು, ಬೈದಿದ್ದೆ. ಏಳು ಡೋಸ್ ಉಳಿಸಿದರು, ಮೂರು ಜನರನ್ನು ಕಳಕೊಂಡೆವು.

ಆಗ ಪೇಪರಿನಲ್ಲೆಲ್ಲ ಯಾವ ರಾಜ್ಯ ಎಷ್ಟು ಪೋಲು ಮಾಡಿತು ಅನ್ನುವುದೇ ಸುದ್ದಿ. ಕೇರಳದವರು 73,38,806 ಡೋಸ್ ಪಡೆದು 74,26,164 ಡೋಸ್ ಕೊಟ್ಟಿದ್ದೇವೆ ಅಂದರು. ಪವಾಡ ಏನಲ್ಲ. ವಯಲ್‌ಗೆ ಸ್ವಲ್ಪ ಜಾಸ್ತಿಯೇ ತುಂಬಿರುತ್ತಾರೆ, ಕೈ ಪಳಗಿದ ಸಿಸ್ಟರ್ ಹನ್ನೊಂದನೇ ಡೋಸ್ ತೆಗೆಯುತ್ತಾರೆ. ಅವರನ್ನು ಮೆಚ್ಚಲೇಬೇಕು. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡು ಆಗುಂಬೆ ಕಡೆಯ ಸಿಸ್ಟರ್‌ಗೆ ನೋಟಿಸ್ ಕೊಟ್ಟರೆ ಏನಾಗುತ್ತದೆ? ಅವರು ವಯಲ್ ಒಡೆಯುವುದನ್ನೇ ನಿಲ್ಲಿಸುತ್ತಾರೆ.

ಹಾಗಾಗಿ ಹೊಸ ಯೋಜನೆಯಲ್ಲಿ ನಾನು ಬರೆಸುವ ಮೊದಲ ಸಾಲು ಇದು: ಪೋಲಿನ ಲೆಕ್ಕ ಇಡೀ ರಾಜ್ಯಕ್ಕೆ ಒಂದೇ ಇರಬಾರದು. ಕೊರೊನಾ ಸಮಯದಲ್ಲಿ 10 ಪರ್ಸೆಂಟ್ ಪೋಲು ಅಂತ ಹಿಡಿದು, ಬೇಕಾದ ಡೋಸನ್ನು 1.11ರಿಂದ ಗುಣಿಸುತ್ತಿದ್ದರು. ಚದುರಿದ ಊರುಗಳಿಗೆ 25 ಪರ್ಸೆಂಟ್ ಕೊಡಿ, ಅಂದರೆ 1.33ರಿಂದ ಗುಣಿಸಿ. ಎಷ್ಟು ಖರ್ಚು ಜಾಸ್ತಿ ಆಗಬಹುದು? ಅಂಥ ಊರುಗಳಲ್ಲಿ ಮೂರು ಲಕ್ಷ ವಯಸ್ಕರು ಇದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಅವರಿಗೆ ಬೇಕಾದದ್ದು 6 ಲಕ್ಷ ಡೋಸ್. ಹಳೇ ಲೆಕ್ಕದಲ್ಲಿ 6.67 ಲಕ್ಷ ತರಿಸಬೇಕು, ಹೊಸ ಲೆಕ್ಕದಲ್ಲಿ 8 ಲಕ್ಷ. ವ್ಯತ್ಯಾಸ 1.33 ಲಕ್ಷ. 2011ರ ಜನಗಣತಿಯಲ್ಲೇ 6.1 ಕೋಟಿ ಇದ್ದ ರಾಜ್ಯ ಇದು. ಎಲ್ಲ ವಯಸ್ಕರಿಗೂ ಎರಡು ಡೋಸ್ ಅಂದರೆ 9 ಕೋಟಿಗೂ ಜಾಸ್ತಿ ಬೇಕು. ಅದರ ಮುಂದೆ ಈ 1.33 ಲಕ್ಷ ಸಾವಿರಕ್ಕೆ ಒಂದೂವರೆ ಡೋಸ್ ಅಷ್ಟೇ. ಇಷ್ಟಕ್ಕಾಗಿ ನಾವು ಅಜ್ಜ ಅಜ್ಜಿಯರನ್ನು ವಾಪಸ್ ಕಳಿಸಿದ್ದು. ಗುಡ್ಡಗಾಡಿನಲ್ಲಿ ಕೆಲಸ ನಿಧಾನ ಅಂತ ಉಪಕೇಂದ್ರ ಕೊಡುವಾಗ ಒಪ್ಪಿದ ಸರ್ಕಾರ, ಲಸಿಕೆ ಕೊಡುವಾಗಲೂ ಒಪ್ಪಬೇಕು. ಕಂಪನಿಯ ಜೊತೆ ಮಾತಾಡುವಾಗಲೇ ಐದು ಡೋಸ್‌ನ ವಯಲ್ ಸ್ವಲ್ಪ ಬೇಕು ಅಂತ ಕೇಳಿದರೆ ಇನ್ನೂ ಒಳ್ಳೆಯದು. ಅದಕ್ಕೆ ಫ್ರಿಜ್‌ನಲ್ಲಿ ಜಾಗ ಜಾಸ್ತಿ ಬೇಕು, ಇರಲಿ.

ತಂಪಿನ ವಿಷಯಕ್ಕೆ ಬರೋಣ. ಲಸಿಕೆ ಬಿಸಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಮಲೆನಾಡಿನಲ್ಲಿ ಅದು ಗಡ್ಡೆ ಕಟ್ಟಿ ಕೆಡುವ ಭಯವೂ ಅಷ್ಟೇ ಇದೆ. ಕೋವ್ಯಾಕ್ಸಿನ್‌ನಂಥ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಉಪ್ಪು ಇರುತ್ತದೆ. ಒಮ್ಮೆ ಗಟ್ಟಿಯಾಗಿ ಕರಗಿದರೆ ಅದರ ಸತ್ವ ಹೋಯಿತು. ವಯಲ್ ಮೇಲೆ ಬಣ್ಣ ಬದಲಾಗುವ ಗುರುತು ಹಚ್ಚಿದ್ದರೂ ಅದು ಬಿಸಿಯನ್ನು ಹೇಳುತ್ತದೆ, ಗಡ್ಡೆ ಕಟ್ಟಿದ್ದನ್ನು ಹೇಳುವುದಿಲ್ಲ.

ಬೆಳಗ್ಗೆ ಏಳೂವರೆಗೆ ಒಂದು ಪಿಎಚ್‌ಸಿಯೊಳಗೆ ಹೋಗಿ ನೋಡಿ. ಡೀಪ್ ಫ್ರೀಜರ್‌ನಿಂದ ಐಸ್ ಪ್ಯಾಕ್ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಲಸಿಕೆ ಒಯ್ಯುವ ಒಂದು ಕ್ಯಾರಿಯರ್ ಡಬ್ಬಿಗೆ ನಾಲ್ಕು. ತೆಗೆದ ಕೂಡಲೇ ಕ್ಯಾರಿಯರ್‌ಗೆ ಹಾಕಿದರೆ ಪಕ್ಕದಲ್ಲಿರುವ ವಯಲ್ ಗಡ್ಡೆ ಕಟ್ಟುತ್ತದೆ. ಪ್ಯಾಕ್ ಬೆವರಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಸ್ವಲ್ಪ ನೀರು ಆಡುವ ಸದ್ದು ಕೇಳಬೇಕು. ಆಮೇಲೆ ಒರೆಸಿ ಒಳಗಿಡಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಇದು ಬೇಗ ಆಗುತ್ತದೆ. ಜುಲೈ ಮಳೆಯಲ್ಲಿ, ಗೋಡೆಯೆಲ್ಲ ತೇವ ಹಿಡಿದ ಕೋಣೆಯಲ್ಲಿ, ಒಳಗಿನ ಐಸ್ ಕರಗಿ ನೀರಿನ ಸದ್ದು ಕೇಳಲು ಜಾಸ್ತಿ ಹೊತ್ತು ಬೇಕು. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಾನೆ. "ಸಿಸ್ಟರ್, ಆಯ್ತಾ?" ಆ ಹಾರ್ನ್‌ಗೆ ಸೋತು ಪ್ಯಾಕ್ ತುಂಬಿಸಿದ ದಿನ ಲಸಿಕೆ ಕೆಡುತ್ತದೆ. ಯೋಜನೆಯಲ್ಲಿ ಇದಕ್ಕೆ ಬೇಕಾಗುವುದು ಹೊಸ ಯಂತ್ರ ಅಲ್ಲ. ಮಳೆಗಾಲದಲ್ಲಿ ಜೀಪು ಒಂದು ಗಂಟೆ ತಡವಾಗಿ ಹೊರಡಲಿ ಅನ್ನುವ ಒಂದು ಆದೇಶ, ಅಷ್ಟೇ.

ಕರೆಂಟ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಗಾಳಿ ಮಳೆಗೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಐಎಲ್‌ಆರ್ ಮುಚ್ಚಳ ತೆಗೆಯದೆ ಇಟ್ಟರೆ ತಂಪು ಸ್ವಲ್ಪ ಕಾಲ ನಿಲ್ಲುತ್ತದೆ, ಮೂರು ದಿನ ಅಲ್ಲ. ಯಾವ ಪಿಎಚ್‌ಸಿಯ ಲಸಿಕೆ ಕರೆಂಟ್ ಹೋದಾಗ ಎಲ್ಲಿಗೆ ಹೋಗಬೇಕು, ಯಾರ ಗಾಡಿಯಲ್ಲಿ, ಯಾವ ರಸ್ತೆಯಲ್ಲಿ ಅಂತ ಮೇ ತಿಂಗಳಲ್ಲೇ ಬರೆದು ಗೋಡೆಗೆ ಅಂಟಿಸಿರಬೇಕು. ಲೈನ್‌ಮನ್ ಫೋನ್ ನಂಬರ್ ಅದರ ಪಕ್ಕದಲ್ಲಿ. ಲೈನ್‌ಮನ್‌ಗೆ ಲಸಿಕೆಯೂ ಮೊದಲ ಪಾಳಿಯಲ್ಲೇ ಸಿಗಬೇಕು. ಅವರು ಮಲಗಿದರೆ ಫ್ರಿಜ್ಜೂ ಮಲಗಿತು.

ಇನ್ನು ಕ್ಯಾಲೆಂಡರ್. ಬೆಂಗಳೂರಿನಲ್ಲಿ ಯೋಜನೆ ಮಾಡುವವರಿಗೆ ಎಲ್ಲ ತಿಂಗಳೂ ಒಂದೇ. ನಮಗೆ ಹಾಗಲ್ಲ. ಜೂನ್ ಜುಲೈನಲ್ಲಿ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಬೇಕು, ಗದ್ದೆಯಲ್ಲಿ ನೆಟ್ಟಿ. ಹಳ್ಳ ದಾಟುವ ಕಾಲುಸಂಕ ಮುಳುಗಿರುತ್ತದೆ. ಅಕ್ಟೋಬರ್ ಕಳೆದರೆ ಅಡಿಕೆ ಗೊನೆ ಕೊಯ್ಲು, ರಾತ್ರಿಯೆಲ್ಲ ಅಡಿಕೆ ಸುಲಿಯುವುದು, ಬೇಯಿಸುವುದು. ಮರ ಹತ್ತುವ ಕೊನೆಗೌಡರೊಬ್ಬರು ನನ್ನನ್ನು ನೇರವಾಗಿ ಕೇಳಿದರು, "ಇವತ್ತು ಚುಚ್ಚಿಸ್ಕೊಂಡ್ರೆ ನಾಳೆ ಕೈ ಎತ್ತಕ್ಕಾಗಲ್ಲ ಅಂತಾರೆ. ಮರ ಹತ್ತೋದು ಹೆಂಗೆ?" ಸರಿಯಾದ ಪ್ರಶ್ನೆ. ಒಂದು ದಿನ ಜ್ವರ, ಎರಡು ದಿನ ಕೈ ನೋವು ಅಂದರೆ ಅವರಿಗೆ ಎರಡು ದಿನದ ಸಂಬಳ ಹೋಯಿತು. ವಾರದಲ್ಲಿ ಅವರು ರಜೆ ಮಾಡುವ ದಿನದ ಹಿಂದಿನ ಸಂಜೆ ಚುಚ್ಚಿದರೆ ಒಪ್ಪುತ್ತಾರೆ. ಆ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ರಾಜಧಾನಿಗೆ ಗೊತ್ತಿರುವುದಿಲ್ಲ.

ಎರಡನೇ ಡೋಸ್‌ದು ಇನ್ನೊಂದು ಪೇಚು. ಕೋವಿಶೀಲ್ಡ್ ಅಂತರ ಮೊದಲು 4ರಿಂದ 6 ವಾರ ಇತ್ತು. 2021ರ ಮಾರ್ಚ್‌ನಲ್ಲಿ 6ರಿಂದ 8 ವಾರ ಆಯಿತು. ಮೇ ತಿಂಗಳಲ್ಲಿ 12ರಿಂದ 16 ವಾರ. ಏಪ್ರಿಲ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡವರಿಗೆ ಎರಡನೆಯದು ನಡುಮಳೆಗಾಲದಲ್ಲಿ ಬಂದು ಬಿತ್ತು. ಹೊಸ ಲಸಿಕೆಗೂ ಅಂತರ ಬದಲಾಗಬಹುದು. ವಿಜ್ಞಾನ ಹಾಗೇ ನಡೆಯುವುದು, ಅದನ್ನು ದೂರುವಂತಿಲ್ಲ. ಆದರೆ ಬದಲಾದ ತಾರೀಕು ಮೊಬೈಲ್ ಮೆಸೇಜ್‌ನಲ್ಲಿ ಮಾತ್ರ ಬಂದರೆ ನಮ್ಮಲ್ಲಿ ತಲುಪುವುದಿಲ್ಲ. ಕಾರ್ಡಿನ ಮೇಲೆ ಪೆನ್ನಲ್ಲಿ ತಿದ್ದಿಕೊಡುವವರು ಬೇಕು.

ಮೊಬೈಲ್ ಅಂದಾಗ ಲಸಿಕೆಗೆ ಹೆಸರು ಬರೆಸುವ ಕೋವಿನ್ ಜಾಲತಾಣ ನೆನಪಾಗುತ್ತದೆ. 2021ರ ಮೇ 1ಕ್ಕೆ 18 ವರ್ಷ ದಾಟಿದವರಿಗೆಲ್ಲ ಅಂತ ತೆರೆದರು, ಆದರೆ 18ರಿಂದ 44ರವರಿಗೆ ಆನ್‌ಲೈನ್ ಬುಕಿಂಗ್ ಮಾತ್ರ. ನೆಟ್‌ವರ್ಕ್‌ಗೆ ಗುಡ್ಡ ಹತ್ತುವ ಊರು ನಮ್ಮದು. ನೀವು ಗುಡ್ಡದ ತುದಿಗೆ ಹೋಗಿ ಓಟಿಪಿ ಬರುವುದನ್ನು ಕಾಯುವಷ್ಟರಲ್ಲಿ ಪೇಟೆಯವರು ಸ್ಲಾಟ್ ಹಿಡಿದು, ಕಾರಲ್ಲಿ ಬಂದು, ನಿಮ್ಮದೇ ಪಿಎಚ್‌ಸಿಯಲ್ಲಿ ಚುಚ್ಚಿಸಿಕೊಂಡು ಹೋದರು. ಮೇ 24ರ ಹೊತ್ತಿಗೆ ಸರ್ಕಾರಿ ಕೇಂದ್ರಗಳಲ್ಲಿ ನೇರವಾಗಿ ಹೋಗಿ ಹೆಸರು ಬರೆಸಲು ಬಿಟ್ಟರು. ಮುಂದಿನ ಸಲ ಅದು ಮೊದಲ ದಿನದಿಂದಲೇ ಇರಬೇಕು. ನನ್ನ ಕೇಳಿದರೆ, ಹಳ್ಳಿಯ ಕೇಂದ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡೋಸ್ ಆ ಊರಿನ ಪಟ್ಟಿಗೇ ಮೀಸಲಿರಬೇಕು. ಡ್ರೋನ್ ಬಗ್ಗೆಯೂ ಜನ ಕೇಳುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಮಣಿಪುರದಲ್ಲಿ ಡ್ರೋನ್‌ನಲ್ಲಿ ಲಸಿಕೆ ಕಳಿಸಿದ್ದು ನಿಜ. ಒಳ್ಳೆಯದೇ. ಆದರೆ ಡ್ರೋನ್ ಚುಚ್ಚುವುದಿಲ್ಲ. ಚುಚ್ಚುವ ಸಿಸ್ಟರ್, ಅರ್ಧ ಗಂಟೆ ಕೂರಿಸಿ ನೋಡುವ ಜಾಗ, ಅಲರ್ಜಿ ಆದರೆ ಕೊಡಲು ಅಡ್ರಿನಲಿನ್, ಅದೂ ಸಾಲದಿದ್ದರೆ ಆಂಬುಲೆನ್ಸ್, ಇವೆಲ್ಲ ನೆಲದ ಮೇಲೇ ಹೋಗಬೇಕು.

ಕೊನೆಯದಾಗಿ ನಂಬಿಕೆ. ಈ ವಿಷಯದಲ್ಲಿ ಶಿವಮೊಗ್ಗ ಜಿಲ್ಲೆಯಷ್ಟು ಅನುಭವ ರಾಜ್ಯದಲ್ಲಿ ಬೇರೆ ಯಾರಿಗೂ ಇಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೆ ಲಸಿಕೆ 1990ರಿಂದ ಕೊಡುತ್ತಾ ಬಂದರು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಒಂದೊಂದು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಜನ ಮೊದಲ ಡೋಸ್‌ಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಬೂಸ್ಟರ್‌ಗಂತೂ ಕೇಳಲೇಬೇಡಿ. ಹಾಕಿಸಿಕೊಂಡ ಕೆಲವರಿಗೂ ಕಾಯಿಲೆ ಬಂತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಹರಡಿದ್ದು ನಿಮಗೆ ನೆನಪಿರಬಹುದು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು, ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಅಂತ.

ಹೀಗಾಗಿ ನಮ್ಮ ಕಡೆ ಹೊಸ ಲಸಿಕೆ ಅಂದ ಕೂಡಲೇ ಒಬ್ಬರಾದರೂ ಹೇಳುತ್ತಾರೆ, "ಮಂಗನ ಕಾಯಿಲೆದು ಹಾಕಿಸ್ಕೊಂಡಿದ್ವಲ್ಲ, ಎಂತ ಆಯ್ತು?" ಅವರನ್ನು ಮೌಢ್ಯ ಅಂತ ತಳ್ಳಿಹಾಕಬಾರದು. ಅವರು ಹೇಳುತ್ತಿರುವುದು ಅನುಭವ. ಎರಡೂ ಬೇರೆ ಬೇರೆ ಲಸಿಕೆ ಅಂತ ಬಿಡಿಸಿ ಹೇಳಬೇಕು. ಇದು ಎಷ್ಟು ಕಾಯುತ್ತದೆ, ಎಷ್ಟು ಕಾಯುವುದಿಲ್ಲ, ಎಷ್ಟು ನೋವು ಅನ್ನುವುದನ್ನು ಮುಚ್ಚಿಡದೆ ಹೇಳಬೇಕು. "ಏನೂ ಆಗಲ್ಲ" ಅಂತ ಸುಳ್ಳು ಹೇಳಿ ಚುಚ್ಚಿದರೆ ಮೊದಲ ಡೋಸ್ ಸಲೀಸು, ಎರಡನೆಯದಕ್ಕೆ ಮನೆ ಬಾಗಿಲು ಹಾಕಿರುತ್ತದೆ.

ಈಗ ನೀವು ಏನು ಮಾಡಬಹುದು ಅಂತ ಕೇಳಿದಿರಲ್ಲ. ಮಹಾಮಾರಿ ಬರುವವರೆಗೆ ಕಾಯಬೇಡಿ. ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡು ನಿಮ್ಮ ವಾರ್ಡಿನ ಮನೆಗಳ ಒಂದು ನಕ್ಷೆ ಬರೆಯಿರಿ, ಕೈಯಲ್ಲೇ. ಯಾವ ಮನೆಗೆ ಜೀಪು ಹೋಗುತ್ತದೆ, ಯಾವುದಕ್ಕೆ ನಡೆಯಬೇಕು, ಮಳೆಗಾಲದಲ್ಲಿ ಯಾವ ಸಂಕ ಮುಳುಗುತ್ತದೆ, ಹಾಸಿಗೆ ಹಿಡಿದವರು ಎಲ್ಲಿದ್ದಾರೆ, ಕೂಲಿಗೆ ಬಂದು ಬಿಡಾರ ಹೂಡಿದವರು ಎಷ್ಟು ಮಂದಿ. ಹತ್ತು ಹತ್ತು ಜನರ ಗುಂಪು ಮಾಡಿ, ಏಕೆಂದರೆ ವಯಲ್‌ನಲ್ಲಿ ಹತ್ತು ಡೋಸ್. ಪ್ರತಿ ಗುಂಪಿಗೂ ಒಂದು ಜಗಲಿ ಗುರುತಿಸಿ, ಅಲ್ಲಿಗೆ ಎಲ್ಲರೂ ಬರಲು ಒಪ್ಪುವಂಥ ಮನೆಯ ಜಗಲಿ. ಇದು ಜಾತಿ, ಜಗಳ ಎಲ್ಲ ನೋಡಿ ಆರಿಸಬೇಕಾದ ಸೂಕ್ಷ್ಮದ ಕೆಲಸ, ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಈ ನಕ್ಷೆಯನ್ನು ವರ್ಷಕ್ಕೊಮ್ಮೆ ತಿದ್ದಿ. ಶರಾವತಿ ಹಿನ್ನೀರಿನ ತುಮರಿ ಕಡೆಯದನ್ನೇ ನೋಡಿ. ಆ ಕಡೆ ಹೋಗಲು ನೀರು ದಾಟಿಸುವ ಲಾಂಚ್‌ಗೆ ಕಾಯಬೇಕಿತ್ತು, ಇಲ್ಲದಿದ್ದರೆ ದೂರದ ರಸ್ತೆ ಸುತ್ತಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅಲ್ಲಿಯ ಹಳೇ ಲೆಕ್ಕವೆಲ್ಲ ಬದಲಾಯಿತು. ನಿಮ್ಮಲ್ಲೂ ಒಂದು ಸಂಕ ಬಿದ್ದಿರುತ್ತದೆ, ಇನ್ನೊಂದು ರಸ್ತೆ ಆಗಿರುತ್ತದೆ. ನಕ್ಷೆಯ ಒಂದು ಪ್ರತಿ ಸಿಸ್ಟರ್ ಹತ್ತಿರ ಇರಲಿ, ಇನ್ನೊಂದು ಪಂಚಾಯ್ತಿ ಬೀರುವಿನಲ್ಲಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಅದರ ಮೇಲೇ ಬರೆದಿಡಿ.